ಕ್ಯಾಮೆರಾ ಆಫ್ ಆದ ಮೇಲೆ ಏನು ಮಾರುತ್ತೀರಿ?

ಹೋದ ಸಂಚಿಕೆಯಲ್ಲಿ ರಿಯಾಲಿಟಿ ಶೋ ಬಗ್ಗೆ ಬರೀ ಎರಡು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸ ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ಒಂಬತ್ತು ವರ್ಷ ಇಂಥ ಶೋಗಳ ಎಡಿಟಿಂಗ್ ಟೇಬಲ್ ಮುಂದೆ ಕೂತಿದ್ದೆ. ಆಮೇಲೆ ಈಚೆ ದಡಕ್ಕೆ ಬಂದೆ. ಶೋ ಮುಗಿಸಿ ಬಂದವರ ಕರಾರು, ಲೆಕ್ಕಪತ್ರ, ಜಾಹೀರಾತು ನೋಡಿಕೊಳ್ಳುವ ಕೆಲಸ ಹಿಡಿದೆ. ಎರಡೂ ಮನೆಯ ಉಪ್ಪು ತಿಂದವಳು. ಹಾಗಾಗಿ ನನ್ನ ಮಾತನ್ನೂ ಸ್ವಲ್ಪ ತೂಗಿ ನೋಡಿ.

ಪ್ರಶ್ನೆ: ರಿಯಾಲಿಟಿ ಶೋನಲ್ಲಿ ಹೆಸರು ಮಾಡುವುದನ್ನೂ ಬಿಸಿನೆಸ್ ಅಂತ ಕರೆಯಬಹುದಾ? ನಮ್ಮಪ್ಪ ಅದನ್ನು ಲಾಟರಿ ಅನ್ನುತ್ತಾರೆ. ನಾನು ಅಲ್ಲ ಅನ್ನುತ್ತೇನೆ. ಮನೆಯಲ್ಲಿ ದಿನಾ ಇದೇ ಜಗಳ.
— ಕಾಮರ್ಸ್ ಓದುತ್ತಿರುವ ಹುಡುಗಿ

ಬಿಸಿನೆಸ್ ಹೌದು. ಆದರೆ ಯಾರ ಬಿಸಿನೆಸ್ ಅಂತ ಮೊದಲು ಕೇಳಬೇಕು.

1999ರ ಸೆಪ್ಟೆಂಬರ್‌ನಲ್ಲಿ ನೆದರ್ಲೆಂಡ್ಸ್‌ನಲ್ಲಿ 'ಬಿಗ್ ಬ್ರದರ್' ಶುರುವಾಯಿತು. ನಾವು ನೋಡುವ ಬಿಗ್ ಬಾಸ್‌ಗೆ ತಾಯಿಬೇರು ಅದೇ. ಒಂದು ಮನೆ, ಕೆಲವು ಅಪರಿಚಿತರು, ಗೋಡೆ ತುಂಬ ಕ್ಯಾಮೆರಾ. ಮಾಡಿದ ಕಂಪನಿಯ ಹೆಸರು ಎಂಡೆಮಾಲ್. ಮರುವರ್ಷವೇ ಸ್ಪೇನಿನ ಟೆಲಿಫೋನಿಕಾ ಆ ಕಂಪನಿಗೆ ಸುಮಾರು 550 ಕೋಟಿ ಯೂರೋ ಬೆಲೆ ಕಟ್ಟಿ ಕೊಂಡಿತು. ಮನೆಯೊಳಗೆ ಕೂತು ಅತ್ತವರಿಗೆ, ಜಗಳ ಆಡಿದವರಿಗೆ ಅದರಲ್ಲಿ ಪಾಲೇನೂ ಇರಲಿಲ್ಲ.

ಅಲ್ಲಿ ಮಾರಾಟವಾದದ್ದು 'ಫಾರ್ಮ್ಯಾಟ್'. ಅಂದರೆ ಶೋ ಹೇಗೆ ನಡೆಸಬೇಕು ಅನ್ನುವ ಪಾಠ. ಮನೆ ಹೇಗಿರಬೇಕು, ಕನ್ನಡಿ ಹಿಂದೆ ಕ್ಯಾಮೆರಾ ಎಲ್ಲಿರಬೇಕು, ನಾಮಿನೇಷನ್ ಯಾವಾಗ, ಎಲ್ಲವೂ ಒಂದು ದಪ್ಪ ಪುಸ್ತಕದಲ್ಲಿ ಇರುತ್ತದೆ. ನಮ್ಮ ಕಡೆಯವರು ಅದನ್ನು 'ಬೈಬಲ್' ಅನ್ನುತ್ತಾರೆ. ಯಾವ ದೇಶದವರು ಶೋ ಮಾಡಿದರೂ ಆ ಪುಸ್ತಕದ ಒಡೆಯರಿಗೆ ದುಡ್ಡು ಕೊಡಬೇಕು. ಸ್ಪರ್ಧಿಗಳು ಬದಲಾಗುತ್ತಾರೆ. ಪುಸ್ತಕ ಹಾಗೇ ಇರುತ್ತದೆ.

ಇದಕ್ಕೆ ತಿರುಗೇಟು ಕೊಟ್ಟದ್ದು ಅಮೆರಿಕದ ಕಾರ್ಡಾಶಿಯನ್ ಕುಟುಂಬ. 2007ರ ಅಕ್ಟೋಬರ್‌ನಲ್ಲಿ ಅವರ ಶೋ ಶುರುವಾಯಿತು, 2021ರವರೆಗೆ 20 ಸೀಸನ್ ಓಡಿತು. ಅವರಿಗೆ ಮೊದಲೇ ಒಂದು ಬಟ್ಟೆ ಅಂಗಡಿ ಇತ್ತು. ಶೋನ ಕಥೆ ಮತ್ತೆ ಮತ್ತೆ ಆ ಅಂಗಡಿಯೊಳಗೇ ನಡೆಯುತ್ತಿತ್ತು. ತಾಯಿ ಕ್ರಿಸ್ ಜೆನ್ನರ್ ಶೋನ ನಿರ್ಮಾಪಕರಲ್ಲೂ ಒಬ್ಬರು, ಮಕ್ಕಳ ಮ್ಯಾನೇಜರ್ ಕೂಡ. ಮಕ್ಕಳ ಗಳಿಕೆಯಲ್ಲಿ ಶೇ 10ರಷ್ಟು ಕಮಿಷನ್ ಅವರದು. ಬೇರೆಯವರು ಜಾಹೀರಾತಿಗೆ ದುಡ್ಡು ಸುರಿಯುತ್ತಾರೆ. ಇವರು ತಮ್ಮ ಜಾಹೀರಾತಿನಲ್ಲಿ ನಟಿಸಿದ್ದಕ್ಕೆ ಚಾನೆಲ್‌ನಿಂದಲೇ ಸಂಬಳ ತಗೊಂಡರು! ನನಗೆ ಆ ಶೋ ನೋಡಲು ಆಗುವುದಿಲ್ಲ, ಹತ್ತು ನಿಮಿಷಕ್ಕೆ ತಲೆನೋವು ಬರುತ್ತದೆ. ಆದರೆ ಆ ತಾಯಿಯ ಲೆಕ್ಕಾಚಾರಕ್ಕೆ ಒಂದು ನಮಸ್ಕಾರ.

ಹಾಗಾಗಿ ಅಪ್ಪನಿಗೆ ಅರ್ಧ ಅಂಕ ಕೊಡಿ. ಆಯ್ಕೆ ಆಗುವುದು ಲಾಟರಿಯೇ. ಆಡಿಷನ್‌ಗೆ ಸಾವಿರಾರು ಜನ ಬಂದಿರುತ್ತಾರೆ, ನಾವು ಒಂದು ಡಜನ್ ಮುಖ ಆರಿಸುತ್ತಿದ್ದೆವು. ಎಷ್ಟೋ ಸಲ "ಈ ಗುಂಪಿನಲ್ಲಿ ಸಿಟ್ಟಿನವರು ಸಾಲದು" ಅನ್ನುವುದೇ ಕಾರಣವಾಗುತ್ತಿತ್ತು.

ಪ್ರಶ್ನೆ: ಗೆದ್ದರೆ ಮಾತ್ರ ಲಾಭವಾ?
— ಟಿವಿ ಮುಂದೆ ಕೂತ ಅಜ್ಜಿ

ಇಲ್ಲ ಅಜ್ಜಿ. ಜೆನಿಫರ್ ಹಡ್ಸನ್ 2004ರ 'ಅಮೆರಿಕನ್ ಐಡಲ್'ನಲ್ಲಿ ಏಳನೆಯವರಾಗಿ ಹೊರಬಿದ್ದರು, 2007ರಲ್ಲಿ ಆಸ್ಕರ್ ಹಿಡಿದು ನಿಂತರು. ಗಾಯಕಿ ಸೂಸನ್ ಬಾಯ್ಲ್ 2009ರ 'ಬ್ರಿಟನ್ಸ್ ಗಾಟ್ ಟ್ಯಾಲೆಂಟ್'ನಲ್ಲಿ ಎರಡನೇ ಸ್ಥಾನ. 'ಒನ್ ಡೈರೆಕ್ಷನ್' ಹಾಡಿನ ತಂಡದ ಹುಡುಗರು 2010ರ ಬ್ರಿಟನ್ನಿನ 'ಎಕ್ಸ್ ಫ್ಯಾಕ್ಟರ್'ನಲ್ಲಿ ಮೂರನೇ ಸ್ಥಾನ. ಇನ್ನು ಗೆದ್ದವರ ಕಥೆ ಕೇಳಿ. 2000ದಲ್ಲಿ ಅಮೆರಿಕದ ಮೊದಲ 'ಸರ್ವೈವರ್' ಗೆದ್ದು ರಿಚರ್ಡ್ ಹ್ಯಾಚ್ 10 ಲಕ್ಷ ಡಾಲರ್ ಮನೆಗೆ ಒಯ್ದರು. ಅದಕ್ಕೆ ತೆರಿಗೆ ಕಟ್ಟಲಿಲ್ಲ. 2006ರಲ್ಲಿ ಕೋರ್ಟು 51 ತಿಂಗಳು ಜೈಲು ಅಂದಿತು. ದ್ವೀಪದಲ್ಲಿ 39 ದಿನ ಬದುಕುಳಿದ ಮನುಷ್ಯ ತೆರಿಗೆಯವರ ಕೈಯಿಂದ ಉಳಿಯಲಿಲ್ಲ.

ಪ್ರಶ್ನೆ: ನಾನು ಬ್ಯಾಗು ಹೊಲಿದು ಮಾರುತ್ತೇನೆ. ಹೂಡಿಕೆದಾರರ ಮುಂದೆ ನಿಂತು ದುಡ್ಡು ಕೇಳುವ ಶೋಗೆ ಆಯ್ಕೆಯಾಗಿದ್ದೇನೆ. ಎಲ್ಲರೆದುರು "ಬೇಡ" ಅಂದುಬಿಟ್ಟರೆ ಏನು ಗತಿ? ನಿದ್ದೆ ಬರುತ್ತಿಲ್ಲ.
— ಹೊಲಿಗೆ ಯಂತ್ರದ ಮುಂದಿನಿಂದ

ಮೊದಲು ನಿದ್ದೆ ಮಾಡಿ. ಕಣ್ಣು ಊದಿಕೊಂಡಿದ್ದರೆ ನಮ್ಮ ಕ್ಯಾಮೆರಾ ಬಿಡುವುದಿಲ್ಲ.

2013ರಲ್ಲಿ ಜೇಮಿ ಸಿಮಿನಾಫ್ ಅನ್ನುವವರು ಅಮೆರಿಕದ 'ಶಾರ್ಕ್ ಟ್ಯಾಂಕ್'ಗೆ ಹೋದರು. ಬಾಗಿಲ ಬೆಲ್‌ಗೆ ಕ್ಯಾಮೆರಾ ಕಟ್ಟಿದ್ದರು. ಬಂದವರ ಮುಖ ಫೋನಿನಲ್ಲಿ ಕಾಣುತ್ತಿತ್ತು. ಶೇ 10 ಪಾಲಿಗೆ 7 ಲಕ್ಷ ಡಾಲರ್ ಕೇಳಿದರು. ಒಬ್ಬೊಬ್ಬರೇ ಹಿಂದೆ ಸರಿದರು. ಕೊನೆಗೆ ಉಳಿದ ಒಬ್ಬರ ಆಫರ್ ಇವರಿಗೆ ಹಿಡಿಸಲಿಲ್ಲ. ಬರಿಗೈಲಿ ಹೊರಬಂದರು. ಆದರೆ ನೋಡಿದ ಜನ ಆರ್ಡರ್ ಹಾಕಲು ಶುರು ಮಾಡಿದರು. ಅದೇ ಬೆಲ್ ಆಮೇಲೆ 'ರಿಂಗ್' ಅಂತ ಹೆಸರು ಬದಲಿಸಿಕೊಂಡಿತು. 2018ರಲ್ಲಿ ಅಮೆಜಾನ್ ಅದನ್ನು ಕೊಂಡಿತು, ಬೆಲೆ 100 ಕೋಟಿ ಡಾಲರ್ ಆಸುಪಾಸು ಅಂತ ವರದಿಯಾಯಿತು. ಅದೇ ವರ್ಷ ಅದೇ ಶೋ ಸಿಮಿನಾಫ್ ಅವರನ್ನು ಅತಿಥಿ ಹೂಡಿಕೆದಾರರ ಕುರ್ಚಿಯಲ್ಲಿ ಕೂರಿಸಿತು.

"ಬೇಡ" ಅಂದರೂ ನಿಮ್ಮ ಬ್ಯಾಗನ್ನು ಜನ ನೋಡಿರುತ್ತಾರೆ. "ಬೇಕು" ಅಂದರೂ ಕುಣಿಯಬೇಡಿ. ಟಿವಿಯಲ್ಲಿ ಕೈ ಕುಲುಕಿದ್ದು ಬಾಯಿಮಾತು ಅಷ್ಟೇ. ಆಮೇಲೆ ಅವರ ಕಡೆಯ ವಕೀಲರು, ಲೆಕ್ಕಿಗರು ಬರುತ್ತಾರೆ. ನಿಮ್ಮ ಪುಸ್ತಕ ಜಾಲಾಡುತ್ತಾರೆ. ಎಷ್ಟೋ ಡೀಲ್‌ಗಳು ಅಲ್ಲೇ ಬದಲಾಗುತ್ತವೆ ಅಥವಾ ಸದ್ದಿಲ್ಲದೆ ಸಾಯುತ್ತವೆ.

ಸಹಿ ಹಾಕುವ ಮುಂಚೆ ಒಂದು ವಿಷಯ ಕೇಳಿ: ಶೋಗೆ ಬಂದದ್ದಕ್ಕೇ ನನ್ನ ಕಂಪನಿಯಲ್ಲಿ ನಿಮಗೆ ಪಾಲು ಕೊಡಬೇಕಾ? ಸಂಕೋಚ ಬೇಡ. 'ಶಾರ್ಕ್ ಟ್ಯಾಂಕ್'ನಲ್ಲಿ ಮೊದಲು ಹಾಗೇ ಇತ್ತು. ಡೀಲ್ ಆಗಲಿ ಬಿಡಲಿ, ಮುಂದಿನ ಲಾಭದಲ್ಲಿ ಶೇ 2 ಅಥವಾ ಕಂಪನಿಯಲ್ಲಿ ಶೇ 5 ಪಾಲು ನಿರ್ಮಾಣದವರಿಗೆ ಬಿಟ್ಟುಕೊಡಬೇಕಿತ್ತು. ಹೀಗಿದ್ದರೆ ಒಳ್ಳೆಯ ಕಂಪನಿಗಳು ಯಾಕೆ ಬರುತ್ತವೆ ಅಂತ ಹೂಡಿಕೆದಾರ ಮಾರ್ಕ್ ಕ್ಯೂಬನ್ ಪಟ್ಟು ಹಿಡಿದರು. 2013ರಲ್ಲಿ ಅದನ್ನು ಕಿತ್ತುಹಾಕಿದರು.

ಇನ್ನು ನಿಮಗೆ ಹೋಂವರ್ಕ್. ನೀವು ಅಲ್ಲಿ ಒಂದು ಗಂಟೆ ನಿಂತು ಮಾತಾಡಿದರೂ ಪರದೆಗೆ ಬರುವುದು ಹತ್ತು ನಿಮಿಷ. ಆ ಹತ್ತು ನಿಮಿಷ ಯಾವುದು ಅಂತ ಆರಿಸುವುದು ನನ್ನಂಥ ಎಡಿಟರ್. ನೀವು ತಡವರಿಸಿದ ಜಾಗ ನಮಗೆ ಬಂಗಾರ! ಆದ್ದರಿಂದ ಒಂದು ಬ್ಯಾಗಿಗೆ ಬೀಳುವ ಖರ್ಚು, ಮಾರುವ ಬೆಲೆ, ಹೋದ ತಿಂಗಳ ಮಾರಾಟ, ವಾಪಸ್ ಬಂದ ಬ್ಯಾಗು ಎಷ್ಟು, ಈ ನಾಲ್ಕು ಸಂಖ್ಯೆ ನಿದ್ದೆಗಣ್ಣಲ್ಲೂ ಹೇಳುವಂತಿರಬೇಕು. ಪ್ರಸಾರದ ರಾತ್ರಿಗೆ ವೆಬ್‌ಸೈಟ್ ಗಟ್ಟಿ ಇರಲಿ. ನಾನು ನೋಡಿಕೊಂಡ ಒಬ್ಬರ ವೆಬ್‌ಸೈಟ್ ಎಪಿಸೋಡ್ ಶುರುವಾದ ಆರನೇ ನಿಮಿಷಕ್ಕೆ ಮಲಗಿತು. ಎದ್ದದ್ದು ಮರುದಿನ ಬೆಳಿಗ್ಗೆ. ಅಷ್ಟು ಹೊತ್ತಿಗೆ ಜನ ಇನ್ನೊಂದು ಶೋ ನೋಡಿ ಮುಗಿಸಿದ್ದರು.

ಪ್ರಶ್ನೆ: ನನ್ನ ತಂಗಿ ಒಂದು ಶೋನಲ್ಲಿ ಇದ್ದಳು. ಮನೆಯಲ್ಲಿ ಮೆತ್ತಗಿರುವ ಹುಡುಗಿ, ಟಿವಿಯಲ್ಲಿ ಜಗಳಗಂಟಿಯಾಗಿ ಕಂಡಳು. ದಿನಾ ಬೈಗುಳದ ಮೆಸೇಜು. ಇದು ಎಡಿಟಿಂಗ್ ಮೋಸವೇ? ಈಗ ಒಬ್ಬ ಏಜೆಂಟ್ ಬಂದು "ವಿಲನ್ ಇಮೇಜೇ ನಿಮ್ಮ ಬಂಡವಾಳ, ಅದನ್ನೇ ಮಾರೋಣ" ಅನ್ನುತ್ತಿದ್ದಾನೆ.
— ಅಕ್ಕ

ಈ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಯಾಕೆ ಅಂತ ಹೇಳುತ್ತೇನೆ.

ನನ್ನ ಎಡಿಟಿಂಗ್ ದಿನಗಳಲ್ಲಿ ಒಬ್ಬ ಸ್ಪರ್ಧಿ ಇದ್ದಳು. ಮೂಗು ಕೆರಳಿ ಸೀನು ಬಂದು, ಅದನ್ನು ತಡೆದುಕೊಳ್ಳಲು ಕಣ್ಣು ಮೇಲೆತ್ತಿ ಮುಖ ಗಂಟಿಕ್ಕಿದ್ದಳು. ಎರಡೇ ಸೆಕೆಂಡಿನ ಶಾಟ್. ಅದನ್ನು ತೆಗೆದು, ಇನ್ನೊಬ್ಬಳು ತಾಯಿಯನ್ನು ನೆನೆದು ಅಳುವ ಜಾಗಕ್ಕೆ ಅಂಟಿಸಿದೆ. ಅಷ್ಟೇ. ಮರುದಿನದಿಂದ ಆಕೆ ಕಲ್ಲು ಮನಸ್ಸಿನವಳಾದಳು. ನಾಲ್ಕು ವರ್ಷದ ಮೇಲೆ ಲೆಕ್ಕ ಬರೆಸಲು ನನ್ನ ಹತ್ತಿರವೇ ಬಂದಳು. ತಡೆಯಲಾಗದೆ ಹೇಳಿಬಿಟ್ಟೆ. "ಧೂಳು ಮೇಡಂ, ನಂಗೆ ಅಲರ್ಜಿ" ಅಂದು ನಕ್ಕಳು. ನನಗೆ ನಗು ಬರಲಿಲ್ಲ.

ಇನ್ನೊಂದು ಕಸುಬು ಇದೆ, ಅದಕ್ಕೆ 'ಫ್ರಾಂಕನ್‌ಬೈಟ್' ಅಂತ ಹೆಸರು. ಸೋಮವಾರ ಆಡಿದ ಅರ್ಧ ಮಾತು, ಶುಕ್ರವಾರ ಆಡಿದ ಅರ್ಧ ಮಾತು ಸೇರಿಸಿ ಒಂದು ವಾಕ್ಯ ಮಾಡುವುದು. ಹಿಡಿಯುವುದು ಕಷ್ಟವಲ್ಲ. ಮಾತು ಶುರುವಾದಾಗ ಮುಖ ಕಾಣುತ್ತದೆ, ನಡುವೆ ಬೇರೆ ಯಾರದೋ ಮುಖ ಬರುತ್ತದೆ, ಧ್ವನಿ ಮಾತ್ರ ಮುಂದುವರಿಯುತ್ತದೆ. ಧ್ವನಿಯ ಏರಿಳಿತ ತಟ್ಟನೆ ಬದಲಾದರೆ ಅಲ್ಲಿ ಕತ್ತರಿ ಬಿದ್ದಿದೆ ಅಂತಲೇ ಲೆಕ್ಕ. ತಂಗಿಯ ಎಪಿಸೋಡ್‌ಗಳನ್ನು ಹೀಗೊಮ್ಮೆ ನೋಡಿ. ಆದರೆ ಎಲ್ಲ ತಪ್ಪನ್ನೂ ನಮ್ಮ ಕತ್ತರಿ ಮೇಲೆ ಹಾಕಬೇಡಿ. ಆಡದೇ ಇರುವ ಸಿಟ್ಟನ್ನು ನಾವು ಹುಟ್ಟಿಸುವುದು ಕಡಿಮೆ. ಇರುವ ಒಂದು ಚಮಚ ಸಿಟ್ಟನ್ನು ಒಂದು ಕೊಡ ಮಾಡುತ್ತೇವೆ.

ಏಜೆಂಟ್ ವಿಷಯಕ್ಕೆ ಬರುತ್ತೇನೆ. ಅವನಿಗೆ ಜೇಡ್ ಗುಡಿ ಕಥೆ ಹೇಳಿ.

2002ರಲ್ಲಿ ಬ್ರಿಟನ್ನಿನ 'ಬಿಗ್ ಬ್ರದರ್'ಗೆ ಬಂದ ಇಪ್ಪತ್ತರ ಹುಡುಗಿ. ದಂತವೈದ್ಯರ ಬಳಿ ನರ್ಸ್ ಆಗಿದ್ದವಳು. ಗಟ್ಟಿ ಬಾಯಿ, ಸಾಮಾನ್ಯ ಜ್ಞಾನ ಕಡಿಮೆ. ಪತ್ರಿಕೆಗಳು ಅವಳನ್ನು ಕ್ರೂರವಾಗಿ ಆಡಿಕೊಂಡವು. ಗೆಲ್ಲಲಿಲ್ಲ, ನಾಲ್ಕನೇ ಸ್ಥಾನ. ಆದರೆ ಹೊರಗೆ ಬಂದ ಮೇಲೆ ಆ ಹೆಸರನ್ನೇ ಅಂಗಡಿ ಮಾಡಿದಳು. ಸಂದರ್ಶನಗಳು, ವ್ಯಾಯಾಮದ ವಿಡಿಯೋ, ಆತ್ಮಕಥೆ. 2006ರಲ್ಲಿ ತನ್ನ ಹೆಸರಿನ ಸೆಂಟು ಕೂಡ ಬಂತು. ಸುಮ್ನೆ ಹೆಸರಾಗಿದ್ದೇ ಕಸುಬು ಅನ್ನುವುದಕ್ಕೆ ಅವಳಷ್ಟು ಶುದ್ಧ ಉದಾಹರಣೆ ನನಗೆ ಗೊತ್ತಿಲ್ಲ.

2007ರ ಜನವರಿಯಲ್ಲಿ ಸೆಲೆಬ್ರಿಟಿಯಾಗಿ ಅದೇ ಮನೆಗೆ ವಾಪಸ್ ಹೋದಳು. ಆ ಸಲ ಒಳಗೆ ನಮ್ಮ ಶಿಲ್ಪಾ ಶೆಟ್ಟಿ ಇದ್ದರು. ಅವರ ಮೇಲೆ ಜೇಡ್ ಮತ್ತು ಇನ್ನಿಬ್ಬರು ಆಡಿದ ಮಾತುಗಳಲ್ಲಿ ಜನಾಂಗ ನಿಂದನೆ ಇದೆ ಅಂತ ಬ್ರಿಟನ್ನಿನಲ್ಲಿ 40,000ಕ್ಕೂ ಹೆಚ್ಚು ದೂರು ಬಂದವು. ಪ್ರಾಯೋಜಕರು ಹಿಂದೆ ಸರಿದರು. ಅಂಗಡಿಗಳು ಅವಳ ಸೆಂಟನ್ನು ಕಪಾಟಿನಿಂದ ತೆಗೆದವು. ನೋಡಿ, ಸೆಂಟಿನಲ್ಲಿ ಏನೂ ಕೆಟ್ಟಿರಲಿಲ್ಲ. ಹಿಂದಿನ ವಾರ ಹೇಗಿತ್ತೋ ಹಾಗೇ ಘಮ ಘಮ ಅನ್ನುತ್ತಿತ್ತು. ಬಾಟಲಿ ಮೇಲಿನ ಹೆಸರು ಕೆಟ್ಟಿತ್ತು. ಶಿಲ್ಪಾ ಆ ಶೋ ಗೆದ್ದರು.

ಆಮೇಲಿನದು ಇನ್ನೂ ಕಷ್ಟದ ಕಥೆ. ಜೇಡ್ ಕ್ಷಮೆ ಕೇಳಿದಳು. 2008ರಲ್ಲಿ ಭಾರತಕ್ಕೆ ಬಂದು ಬಿಗ್ ಬಾಸ್ ಮನೆ ಸೇರಿದಳು. ನಿರೂಪಕಿ ಅದೇ ಶಿಲ್ಪಾ ಶೆಟ್ಟಿ! ಆ ಮನೆಯೊಳಗೆ ಇದ್ದಾಗಲೇ ಫೋನ್ ಬಂತು: ಗರ್ಭಕೊರಳಿನ ಕ್ಯಾನ್ಸರ್. ವಾಪಸ್ ಹೋದಳು. ಕೊನೆಯ ತಿಂಗಳುಗಳಲ್ಲಿ ಮದುವೆಯ ಫೋಟೋ ಹಕ್ಕು ಮಾರಿದಳು, ಕಾಯಿಲೆಯನ್ನೂ ಕ್ಯಾಮೆರಾ ಮುಂದೆ ಇಟ್ಟಳು. ಥೂ, ಸಾವನ್ನೂ ಮಾರುತ್ತಾಳೆ ಅಂದರು ಕೆಲವರು. ಇಬ್ಬರು ಗಂಡುಮಕ್ಕಳ ಓದಿಗೆ ದುಡ್ಡು ಬೇಕು ಅಂತ ಅವಳು ನೇರವಾಗಿಯೇ ಹೇಳಿದಳು. 2009ರ ಮಾರ್ಚ್ 22ರಂದು ತೀರಿಕೊಂಡಾಗ 27 ವರ್ಷ. ಆ ದಿನಗಳಲ್ಲಿ ಇಂಗ್ಲೆಂಡಿನಲ್ಲಿ ಅದೇ ಕ್ಯಾನ್ಸರ್ ತಪಾಸಣೆಗೆ ಬರುವ ಹೆಂಗಸರ ಸಂಖ್ಯೆ ತಟ್ಟನೆ ಏರಿತು. ಅವಳ ಹೆಸರು ಮಾಡಿದ ಕೆಲಸಗಳಲ್ಲಿ ನನಗೆ ನೆನಪಿರುವುದು ಅದು.

ನಿಮ್ಮ ತಂಗಿ ಏನನ್ನೂ ಈಗಲೇ ಮಾರುವುದು ಬೇಡ. ಆರು ತಿಂಗಳು ಅವಳ ಫೋನು ನಿಮ್ಮ ಕೈಯಲ್ಲಿರಲಿ. ಮೆಸೇಜು ನೀವು ಓದಿ, ಅವಳು ಬೇಡ. ಶೋದವರಿಗೆ ಪತ್ರ ಬರೆದು ಕೌನ್ಸೆಲಿಂಗ್ ಕೇಳಿ. ಬ್ರಿಟನ್ನಿನ 'ಲವ್ ಐಲೆಂಡ್' ನಡೆಸುವ ಐಟಿವಿ 2019ರಲ್ಲಿ, ಹೊರಬಂದ ಪ್ರತಿಯೊಬ್ಬರಿಗೂ ಕನಿಷ್ಠ 8 ಸಲ ಥೆರಪಿ, ಜೊತೆಗೆ ಹಣಕಾಸು ಮತ್ತು ಸೋಷಿಯಲ್ ಮೀಡಿಯಾ ತರಬೇತಿ ಕೊಡುತ್ತೇವೆ ಅಂತ ಲಿಖಿತವಾಗಿ ಪ್ರಕಟಿಸಿತು. ಕೇಳಿದರೆ ತಪ್ಪೇನಿಲ್ಲ. ಏಜೆಂಟ್ ಮತ್ತೆ ಬಂದರೆ, ವಿಲನ್ ಹೆಸರಿನ ಮೇಲೆ ಅವನ ಸ್ವಂತ ದುಡ್ಡು ಎಷ್ಟು ಹಾಕುತ್ತಾನೆ ಅಂತ ಕೇಳಿ.

ಪ್ರಶ್ನೆ: ನಲವತ್ತು ಪುಟದ ಕರಾರು ಕೊಟ್ಟು, ನಾಳೆಯೊಳಗೆ ಸಹಿ ಅನ್ನುತ್ತಿದ್ದಾರೆ. ಯಾವ ಪುಟ ಓದಲಿ?
— ಗಡಿಬಿಡಿಯಲ್ಲಿರುವವನು

ನಲವತ್ತೂ. ಸಾಧ್ಯವಾದರೆ ವಕೀಲರ ಜೊತೆ. ಅಷ್ಟು ಹೊತ್ತಿಲ್ಲ ಅಂದರೆ ಮೊದಲು ಹಿಂದಿನ ಪುಟಗಳಿಂದ ಶುರು ಮಾಡಿ, ನೋವೆಲ್ಲ ಅಲ್ಲಿರುತ್ತದೆ.

ನಡುವೆ ಬಿಟ್ಟು ಹೋದರೆ ದಂಡ ಎಷ್ಟು ನೋಡಿ. 'ಲವ್ ಈಸ್ ಬ್ಲೈಂಡ್' ಸ್ಪರ್ಧಿಯೊಬ್ಬರು 2022ರಲ್ಲಿ ಕೋರ್ಟಿಗೆ ಹೋದರು. ವಾರಕ್ಕೆ 1,000 ಡಾಲರ್ ಸಂಬಳ, ಅರ್ಧಕ್ಕೆ ಎದ್ದು ಹೋದರೆ 50,000 ಡಾಲರ್ ದಂಡ ಅನ್ನುವುದು ಅವರ ದೂರುಗಳಲ್ಲಿ ಒಂದು. 2024ರಲ್ಲಿ ಅದು 14 ಲಕ್ಷ ಡಾಲರ್‌ಗೆ ರಾಜಿಯಾಯಿತು.

ಆಮೇಲೆ, ಶೋ ಮುಗಿದ ಮೇಲೆ ನೀವು ದುಡಿದದ್ದರಲ್ಲಿ ಅವರಿಗೆ ಪಾಲು ಇದೆಯಾ, ಎಷ್ಟು ವರ್ಷ ಅಂತ ಹುಡುಕಿ. ಬೆಥನಿ ಫ್ರಾಂಕಲ್ ಅನ್ನುವವರು 2008ರಲ್ಲಿ 'ರಿಯಲ್ ಹೌಸ್‌ವೈವ್ಸ್' ನ್ಯೂಯಾರ್ಕ್ ಶೋಗೆ ಸೇರಿದರು. ಮೊದಲ ಸೀಸನ್‌ಗೆ ಸಿಕ್ಕಿದ್ದು 7,250 ಡಾಲರ್ ಅಂತ ಅವರೇ ಹೇಳಿಕೊಂಡಿದ್ದಾರೆ. ಆದರೆ ತನ್ನ ವ್ಯಾಪಾರದಲ್ಲಿ ಚಾನೆಲ್‌ಗೆ ಪಾಲು ಅನ್ನುವ ಸಾಲನ್ನು ಹೊಡೆದು ಹಾಕಿದ್ದರು. 2011ರಲ್ಲಿ ತಮ್ಮ 'ಸ್ಕಿನ್ನಿಗರ್ಲ್' ಪಾನೀಯದ ಬ್ರ್ಯಾಂಡನ್ನು ದೊಡ್ಡ ಕಂಪನಿಗೆ ಮಾರಿದರು. ಚಾನೆಲ್ ಕೈಗೆ ಕಾಸು ಸಿಗಲಿಲ್ಲ. ಆಮೇಲೆ ಬಂದವರ ಕರಾರಿನಲ್ಲಿ ಪಾಲು ಕೇಳುವ ಸಾಲಿಗೆ 'ಬೆಥನಿ ಕ್ಲಾಸ್' ಅಂತಲೇ ಹೆಸರು ಬಿತ್ತು.

ಕೊನೆಯದು, ನಿಮ್ಮ ಹೆಸರು, ಅಡ್ಡಹೆಸರು, ನೀವು ಆಡಿದ ಡೈಲಾಗ್ ಯಾರ ಆಸ್ತಿ? ಇದಕ್ಕೆ ನಾನೇ ಸಾಕ್ಷಿ. ಒಬ್ಬ ಹುಡುಗನ ಒಂದು ಮಾತು ಶೋನಲ್ಲಿ ಭಾರೀ ಓಡಿತು. ಮಕ್ಕಳೂ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದರು. ಅವನು ಹೊರಗೆ ಬಂದ ವಾರವೇ ಆ ಮಾತು ಅಚ್ಚು ಹಾಕಿಸಿದ 1,200 ಟೀ ಶರ್ಟ್ ಮಾಡಿಸಿದೆವು. ಅರ್ಧ ದುಡ್ಡು ನನ್ನದು. ಒಂಬತ್ತು ವರ್ಷ ಆ ಕಡೆ ಕೆಲಸ ಮಾಡಿದವಳು ನಾನು, ಕರಾರಿನ ಮೂವತ್ತೊಂದನೇ ಪುಟ ಓದಿರಲಿಲ್ಲ. ಶೋನಲ್ಲಿ ಆಡಿದ ಪ್ರತಿ ಮಾತೂ ನಿರ್ಮಾಣದವರ ಸ್ವತ್ತು ಅಂತ ಅಲ್ಲಿತ್ತು. ನೋಟಿಸ್ ಬಂತು. ತಕರಾರು ಬಗೆಹರಿಯಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಸೀಸನ್, ಇನ್ನೊಬ್ಬನ ಇನ್ನೊಂದು ಡೈಲಾಗ್. ಪೆಟ್ಟಿಗೆಗಳು ನನ್ನ ಆಫೀಸಿನಲ್ಲೇ ಉಳಿದವು. ನನ್ನ ಮೇಜು ಇವತ್ತಿಗೂ ಆ ಡೈಲಾಗಿನಿಂದಲೇ ಒರೆಸುತ್ತಾರೆ. ಒಳ್ಳೆ ಹತ್ತಿ, ನೀರು ಚೆನ್ನಾಗಿ ಹೀರುತ್ತದೆ.

ಪ್ರಶ್ನೆ: ಕೈಲಿ ಜೆನ್ನರ್ ನಿಜಕ್ಕೂ ಸ್ವಂತ ದುಡಿಮೆಯ ಬಿಲಿಯನೇರಾ?
— ಲಿಪ್‌ಸ್ಟಿಕ್ ಪ್ರೇಮಿ

ಬಿಲಿಯನೇರ್ ಅಂತ 2019ರಲ್ಲಿ ಶ್ರೀಮಂತರ ಪಟ್ಟಿ ಮಾಡುವ ಫೋರ್ಬ್ಸ್ ಪತ್ರಿಕೆ ಹೇಳಿತು, 2020ರ ಮೇನಲ್ಲಿ ಅದೇ ಫೋರ್ಬ್ಸ್ ಆ ಪಟ್ಟ ವಾಪಸ್ ಪಡೆಯಿತು. ಆದರೆ ವ್ಯಾಪಾರ ನಿಜ. 2015ರ ಕೊನೆಯಲ್ಲಿ 29 ಡಾಲರ್‌ನ 15,000 ಲಿಪ್ ಕಿಟ್ ಮಾರಾಟಕ್ಕಿಟ್ಟರು, ಒಂದು ನಿಮಿಷದೊಳಗೆ ಖಾಲಿ. ಕೋಟಿ ಅನ್ನುವ ಸೌಂದರ್ಯವರ್ಧಕ ಕಂಪನಿ 60 ಕೋಟಿ ಡಾಲರ್ ಕೊಟ್ಟು ಶೇ 51 ಪಾಲು ಕೊಂಡಿತು. ಹೌದು, ಕಂಪನಿಯ ಹೆಸರೇ ಕೋಟಿ. ಇನ್ನು 'ಸ್ವಂತ' ಅನ್ನುವ ಪದ. ಕೈಲಿ ಆ ಕ್ರಿಸ್ ಜೆನ್ನರ್ ಅವರ ಕಿರಿಯ ಮಗಳು. ಕಾರ್ಡಾಶಿಯನ್ ಮನೆಯ ಶೋ ಶುರುವಾದಾಗ ಆ ಹುಡುಗಿಗೆ 10 ವರ್ಷ. ಮೊದಲ ಲಿಪ್‌ಸ್ಟಿಕ್ ಮಾರುವ ಹೊತ್ತಿಗೆ ಎಂಟು ವರ್ಷದ ಜಾಹೀರಾತು ಆಗಲೇ ಮುಗಿದಿತ್ತು. ಆದರೆ ಹೆಸರಿದ್ದರೆ ಎಲ್ಲ ಓಡುತ್ತದೆ ಅಂತಲೂ ಅಂದುಕೊಳ್ಳಬೇಡಿ. ಇದೇ ಮನೆಯ ಅಕ್ಕಂದಿರು 2010ರಲ್ಲಿ ತಮ್ಮ ಫೋಟೋ ಇರುವ ಪ್ರೀಪೇಯ್ಡ್ ಕಾರ್ಡ್ ತಂದರು. ಒಂದು ವರ್ಷಕ್ಕೆ ಸುಮಾರು 100 ಡಾಲರ್ ಶುಲ್ಕ! ಜನ ಬೈದರು, ಒಂದು ತಿಂಗಳೊಳಗೆ ಕಾರ್ಡ್ ಮಾಯ.

ಪ್ರಶ್ನೆ: ಟಿವಿಯಲ್ಲಿ ದೊಡ್ಡ ಉದ್ಯಮಿ ಅಂತ ತೋರಿಸುವವರು ಹೊರಗೂ ಅಷ್ಟೇ ದೊಡ್ಡವರಾ?
— ಅನುಮಾನದ ಮನುಷ್ಯ

'ದಿ ಅಪ್ರೆಂಟಿಸ್' ಶೋ 2004ರ ಜನವರಿಯಲ್ಲಿ ಶುರುವಾಯಿತು. ಡೊನಾಲ್ಡ್ ಟ್ರಂಪ್ ದೊಡ್ಡ ಕುರ್ಚಿಯಲ್ಲಿ ಕೂತು ಜನರನ್ನು ಕೆಲಸದಿಂದ ತೆಗೆಯುತ್ತಿದ್ದರು. ಆ ಬೋರ್ಡ್ ರೂಮ್ ಶೋಗೆಂದೇ ಕಟ್ಟಿದ ಸೆಟ್. ಅದೇ ವರ್ಷ ನವೆಂಬರ್‌ನಲ್ಲಿ ಅವರ ಕ್ಯಾಸಿನೋ ಕಂಪನಿ ದಿವಾಳಿ ಅರ್ಜಿ ಹಾಕಿತು. ಶೋ ಮತ್ತು ಅದರ ಹೆಸರಿನಿಂದ ಬಂದ ಗಳಿಕೆ ಒಟ್ಟು ಸುಮಾರು 42.7 ಕೋಟಿ ಡಾಲರ್ ಅಂತ ಅವರ ತೆರಿಗೆ ದಾಖಲೆ ನೋಡಿ ನ್ಯೂಯಾರ್ಕ್ ಟೈಮ್ಸ್ 2020ರಲ್ಲಿ ಬರೆಯಿತು. ಯಶಸ್ವಿ ಉದ್ಯಮಿಯ ಪಾತ್ರವೇ ಅವರ ಯಶಸ್ವಿ ಉದ್ಯಮವಾಯಿತು.

ಪ್ರಶ್ನೆ: ಪೋಸ್ಟ್ ಹಾಕಲು ದುಡ್ಡು ಕೊಡುತ್ತಾರೆ, ಆದರೆ ದುಡ್ಡು ತಗೊಂಡದ್ದು ಹೇಳಬೇಡಿ ಅನ್ನುತ್ತಾರೆ.
— ಮಾಜಿ ಸ್ಪರ್ಧಿ

ಹೇಳಿ. ಕಿಮ್ ಕಾರ್ಡಾಶಿಯನ್ ಒಂದು ಕ್ರಿಪ್ಟೋ ಪೋಸ್ಟ್‌ಗೆ 2.5 ಲಕ್ಷ ಡಾಲರ್ ಪಡೆದದ್ದನ್ನು ಹೇಳಲಿಲ್ಲ. 2022ರಲ್ಲಿ ಅಮೆರಿಕದ ಷೇರು ನಿಯಂತ್ರಕರಿಗೆ 12.6 ಲಕ್ಷ ಡಾಲರ್ ಕಟ್ಟಿದರು. ಅವರಿಗೆ ಅದು ಚಿಲ್ಲರೆ. ನಿಮಗೆ?

ಪ್ರಶ್ನೆ: ನಾನು ಮರಗೆಲಸದವನು. ಶೋ ಮುಗಿದು ಎಂಟು ತಿಂಗಳಾಯಿತು. ಮೊದಲೆರಡು ತಿಂಗಳು ಉದ್ಘಾಟನೆ, ಸನ್ಮಾನ, ಸೆಲ್ಫಿ, ಪುರುಸೊತ್ತೇ ಇರಲಿಲ್ಲ. ಈಗ ವಾರಕ್ಕೊಂದು ಫೋನೂ ಇಲ್ಲ. ವಾಪಸ್ ಉಳಿ ಹಿಡಿದರೆ ಜನ ನಗುವುದಿಲ್ವಾ? ಒಂದು ತಮಾಷೆ, ಶೋನಲ್ಲಿ ನಾನು ಆಡಿದ ಯಾವ ಮಾತೂ ಜನಕ್ಕೆ ನೆನಪಿಲ್ಲ. ಮುರಿದ ಕುರ್ಚಿಯೊಂದನ್ನು ಮೊಳೆ ಇಲ್ಲದೆ ಸರಿ ಮಾಡಿದ್ದೆ. ಅದನ್ನು ಮಾತ್ರ ಕೇಳುತ್ತಾರೆ.
— ಹೆಸರು ಬೇಡ

ನಗುವವರು ನಗಲಿ. ಅವರು ಕುರ್ಚಿ ಕೊಳ್ಳುವವರಲ್ಲ.

ಫೋನ್ ನಿಲ್ಲುವುದು ನಿಮ್ಮ ತಪ್ಪಲ್ಲ. ಮುಂದಿನ ಸೀಸನ್ ಶುರುವಾದ ದಿನ ಹಳೇ ಮುಖಗಳು ಹಿಂದೆ ಸರಿಯುತ್ತವೆ, ಶೋಗಳನ್ನು ಕಟ್ಟಿರುವುದೇ ಹಾಗೆ. ಚಾನೆಲ್‌ಗೆ ನೀವು ಮರೆತುಹೋಗಬೇಕು. ಇಲ್ಲದಿದ್ದರೆ ಹೊಸಬರಿಗೆ ಜಾಗ ಎಲ್ಲಿ?

ಬ್ರಿಟನ್ನಿನ 'ಬೇಕ್ ಆಫ್' ಶೋ ಗೆದ್ದರೆ ನಗದು ಬಹುಮಾನ ಇಲ್ಲ. ಕೇಕ್ ಇಡುವ ಒಂದು ಗಾಜಿನ ಸ್ಟ್ಯಾಂಡ್, ಒಂದು ಹೂಗುಚ್ಛ, ಅಷ್ಟೇ. 2015ರಲ್ಲಿ ನಾದಿಯಾ ಹುಸೇನ್ ಅದನ್ನು ಗೆದ್ದರು. ಆಮೇಲೂ ಅವರು ಕೇಕ್ ಮಾಡುವುದನ್ನು ಬಿಡಲಿಲ್ಲ. ಮರುವರ್ಷ ರಾಣಿ ಎಲಿಜಬೆತ್ ಅವರ 90ನೇ ಹುಟ್ಟುಹಬ್ಬಕ್ಕೆ ಕೇಕ್ ಮಾಡಿಕೊಟ್ಟರು. ಅಡುಗೆ ಪುಸ್ತಕ ಬರೆದರು, ಅಡುಗೆ ಕಾರ್ಯಕ್ರಮ ನಡೆಸಿದರು. ಜನ ಶೋನಲ್ಲಿ ನೋಡಿದ್ದೂ ಅದೇ, ಆಮೇಲೆ ಕೊಂಡದ್ದೂ ಅದೇ. ನಿಮ್ಮ ಹತ್ತಿರವೂ ಅಂಥದ್ದೊಂದು ಇದೆಯಲ್ಲ. ಎಂಟು ತಿಂಗಳಿಂದ ಅದನ್ನು ಬಿಟ್ಟು ರಿಬ್ಬನ್ ಹಿಂದೆ ಬಿದ್ದಿದ್ದೀರಿ.

ಈ ವಾರ ಒಂದು ಕೆಲಸ ಮಾಡಿ. ಫೋನಿನಲ್ಲಿ ಹಳೇ ಮೆಸೇಜುಗಳನ್ನೆಲ್ಲ ತೆಗೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆಯಿರಿ. ಎಡಗಡೆ, ಫೋಟೋ ಕೇಳಿದವರು. ಬಲಗಡೆ, ಕುರ್ಚಿ ಕೇಳಿದವರು. ಎಡಗಡೆಯವರಿಗೆ ಪ್ರೀತಿಯಿಂದ ಒಂದು ನಮಸ್ಕಾರ ಕಳಿಸಿ, ಆಯಿತು. ಬಲಗಡೆಯವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಏನು ಬೇಕು, ಯಾವಾಗ ಬೇಕು ಅಂತ ಕೇಳಿ. ಅಳತೆ ಬರೆದುಕೊಳ್ಳಿ. ಮುಂಗಡ ಪಡೆಯಲು ಮರೆಯಬೇಡಿ, ಅಭಿಮಾನಿ ಅಂತ ಉದ್ರಿ ಕೊಡಬೇಡಿ. ಮತ್ತೆ ಆ ಕುರ್ಚಿಯ ದೃಶ್ಯವನ್ನು ಎಲ್ಲಾದರೂ ಹಾಕುವ ಮುಂಚೆ ಕರಾರು ತೆರೆದು ನೋಡಿ. ವಿಡಿಯೋ ಅವರದ್ದಾಗಿರುತ್ತದೆ. ಕುರ್ಚಿ ಜೋಡಿಸುವ ಕೈ ನಿಮ್ಮದು, ಹೊಸ ವಿಡಿಯೋ ಮಾಡಿಕೊಳ್ಳಿ.

ಬಲಗಡೆ ಪಟ್ಟಿಯಲ್ಲಿ ನನ್ನ ಹೆಸರೂ ಬರೆದುಕೊಳ್ಳಿ. ಒಂದು ಕಪಾಟು ಬೇಕು, ಎತ್ತರ ಆರಡಿ, ಮೂರು ಹಲಗೆ, ಸ್ವಲ್ಪ ಭಾರ ತಡೆಯುವಂತಿರಲಿ. ಟೀ ಶರ್ಟ್ ಪೆಟ್ಟಿಗೆಗಳು ಇನ್ನೂ ನೆಲದ ಮೇಲೇ ಇವೆ.